ಸೊಸೈಟಿಯವರೇ, ಗೊಬ್ಬರದ ಲೈಸೆನ್ಸ್ ನಂಬಿ ಕೀಟನಾಶಕದ ಎಣ್ಣಿ ಇಳಿಸಿಕೊಳ್ಳಬೇಡಿ

ಗದಗ, ಹಾವೇರಿ ಕಡೆಯ ಸೊಸೈಟಿ ಕಾರ್ಯದರ್ಶಿಗಳು, ನಿರ್ದೇಶಕರು ಇದನ್ನ ಪೂರ್ತಿ ಓದಿ. ಕಡಲೆಗೆ ಕೀಡಿ ಬೀಳೋ ಹೊತ್ತಿಗೆ "ಮೆಂಬರ್‌ಗೆ ಹಂಚೋಕೆ ಲೈಸೆನ್ಸ್ ಬೇಡ" ಅನ್ನೋ ಮಾತು ನಿಮ್ಮ ಬಾಗಿಲಿಗೂ ಬರ್ತದೆ.

ನಮ್ಮ ಸೊಸೈಟಿ ಸದಸ್ಯರ ಪಟ್ಟಿ ಪ್ರಕಾರ ಬೇಕಾಗಿದ್ದು ಎಮಾಮೆಕ್ಟಿನ್ ಬೆಂಜೊಯೇಟ್ 5% ಎಸ್‌ಜಿ (ಕಾಯಿಕೊರಕ ಕೀಡಿಗೆ ಹೊಡೆಯೋ, ನೀರಲ್ಲಿ ಕರಗೋ ಹರಳಿನ ಕೀಟನಾಶಕ), 100 ಗ್ರಾಂನ 240 ಡಬ್ಬಿ. ಹೆಕ್ಟೇರಿಗೆ 220 ಗ್ರಾಂ ಲೆಕ್ಕ, ಅಂದ್ರೆ ಎಕರೆಗೊಂದು ಡಬ್ಬಿ ಅಂತಿಟ್ಕೊಳ್ಳಿ. ಒಟ್ಟಿಗೆ ತಗೊಂಡ್ರೆ ರೇಟು ಇಳೀತದೆ, ಅಷ್ಟೇ ಆಸೆ. ಸೊಸೈಟಿಗೆ ಗೊಬ್ಬರದ ಲೈಸೆನ್ಸ್ ಇದೆ, ಬೀಜದ್ದೂ ಇದೆ. ಕೀಟನಾಶಕದ್ದು ಇಲ್ಲ. ಮೂರೂ ಬೇರೆ ಬೇರೆ, ಒಂದಿದ್ರೆ ಇನ್ನೊಂದು ಇದ್ದಂಗಲ್ಲ. ಇದನ್ನ ಡಿಸ್ಟ್ರಿಬ್ಯೂಟರ್‌ಗೆ ಮುಚ್ಚಿಟ್ಟಿರಲಿಲ್ಲ, ಮೊದಲೇ ಹೇಳಿದ್ವಿ. ಅವನ ಉತ್ತರ ಕೇಳಿ: "ನೀವೇನ್ ಮಾರಾಕತ್ತೀರೇನ್ರೀ? ಮೆಂಬರ್‌ಗೆ ಹಂಚತೀರಿ. ಲಾಭಾನೇ ಇಲ್ಲ ಅಂದಮ್ಯಾಲ ಲೈಸೆನ್ಸ್ ಯಾಕ ಬೇಕ್ರೀ?"

ಎಷ್ಟು ಸರಿ ಅನಸ್ತದೆ ನೋಡಿ! ಇಲ್ಲೇ ಬಿದ್ದದ್ದು. 1968ರ ಕೀಟನಾಶಕ ಕಾಯ್ದೆಯ 13ನೇ ಕಲಂ ಮಾರೋರಿಗಷ್ಟೇ ಅಲ್ಲ, ಮಾರಾಟಕ್ಕೆ ದಾಸ್ತಾನು ಇಡೋರಿಗೂ, ಹಂಚೋರಿಗೂ ಲೈಸೆನ್ಸ್ ಕೇಳ್ತದೆ. ಹಂಚೋರಿಗೂ. ಲಾಭ ಇದೆಯೋ ಇಲ್ಲವೋ ಅನ್ನೋ ಪ್ರಶ್ನೆಯೇ ಅಲ್ಲಿಲ್ಲ. 38ನೇ ಕಲಂನಲ್ಲಿ ರಿಯಾಯಿತಿ ಇರೋದು ತಾನು ಸಾಗುವಳಿ ಮಾಡೋ ಹೊಲಕ್ಕೆ ತಾನೇ ಬಳಸೋ ಮನುಷ್ಯನಿಗೆ. ಸೊಸೈಟಿ ಯಾವ ಹೊಲ ಊಳತದ್ರೀ?

ಮಾಲು ಬಂತು, ಗೊಬ್ಬರದ ಗೋಡೌನಲ್ಲೇ ಇಳೀತು. ಬಿಲ್ ಬರಲಿಲ್ಲ, ಬಂದದ್ದು ಒಂದು ಚಲನ್ ಚೀಟಿ. ಸದಸ್ಯರ ಹೆಸರು ಒಂದೂ ಇಲ್ಲ, ಪಡೆದವರು ಅಂದಲ್ಲಿ ಸೊಸೈಟಿ ಹೆಸರು, ಬ್ಯಾಚ್ ನಂಬರಿನ ಕಾಲಂ ಖಾಲಿ. ಆಗಲೇ ವಾಪಸ್ ಕಳಿಸಬೇಕಿತ್ತು. "ಬಿಲ್ ನಾಳೆ ಕಳಸ್ತೀನ್ರೀ, ಬ್ಯಾಡಂದ್ರ ನಿಮಗ 18 ಪರ್ಸೆಂಟ್ ಜಿಎಸ್‌ಟಿನೂ ಉಳೀತದ" ಅಂದ. ಆ ಮಾತಿಗೆ ತಲೆ ಅಲ್ಲಾಡಿಸಿದ್ದು ನೆನೆಸಿಕೊಂಡ್ರೆ ಈಗಲೂ ಮೈ ಉರೀತದೆ.

ಕೀಟನಾಶಕ ಇನ್ಸ್‌ಪೆಕ್ಟರ್ ಬಂದು ಲೈಸೆನ್ಸ್, ಸ್ಟಾಕ್ ರಿಜಿಸ್ಟರ್, ಬಿಲ್ ಕೇಳಿದರು. ಮೂರೂ ಇಲ್ಲ. ಹಂಚಿಕೆ ತಡೆದರು. ಅಂಥ ತಡೆ 30 ದಿನದವರೆಗೂ ಹಾಕಬಹುದು. ಕಾಯಿಕೊರಕ 30 ದಿನ ಕಾಯ್ತದೇನು? ಅವರ ಮೇಲೆ ಸಿಟ್ಟಿಲ್ಲ, ಅವರು ಮಾಡಿದ್ದು ಕಾನೂನು.

ಡಿಸ್ಟ್ರಿಬ್ಯೂಟರ್‌ಗೆ ಫೋನ್ ಹಚ್ಚಿದ್ರೆ ಮೊದಲ ಉತ್ತರ: "ನಾವು ಸೊಸೈಟಿಗೆ ಮಾರೇ ಇಲ್ರೀ, ಮೆಂಬರ್‌ಗೆ ಕೊಟ್ಟದ್ದು." ಚಲನ್ ಫೋಟೋ ಕಳಿಸಿದ ಮೇಲೆ: "ಅದು ನಮ್ಮ ಹುಡುಗ ಬರದದ್ರೀ." ಮೂರನೇ ಸಲ ಎತ್ತಲೇ ಇಲ್ಲ.

ಬಿಲ್ ಯಾಕೆ ಅಷ್ಟು ಮುಖ್ಯ ಅಂತ ಆಮೇಲೆ ಗೊತ್ತಾತು. ಮಾಲು ನಕಲಿ ಅಂತ ಬಂದರೆ, ಲೈಸೆನ್ಸ್ ಇರೋರ ಹತ್ರ ಕೊಂಡದ್ದು, ದೋಷ ಗೊತ್ತಿರಲಿಲ್ಲ, ಸರಿಯಾಗಿ ಇಟ್ಟು ಹೆಂಗಿತ್ತೋ ಹಂಗೇ ಕೊಟ್ಟದ್ದು ಅಂತ ತೋರಿಸಿದೋರಿಗೆ ಅದೇ ಕಾಯ್ದೆಯ 30(3)ನೇ ಕಲಂ ರಕ್ಷಣೆ ಕೊಡ್ತದೆ. ಖಾಲಿ ಚಲನ್ ಹಿಡ್ಕೊಂಡು ಏನು ತೋರಸ್ತೀರಿ?

ಲೈಸೆನ್ಸ್ ಮಾಡಿಸೋದಾದ್ರೆ ಸರಿಯಾಗಿ ಮಾಡಿಸಿ: ಕೃಷಿ ಪದವಿಯಂಥ ಅರ್ಹತೆ ಇರೋ ಒಬ್ಬರು ಕೆಲಸಕ್ಕೆ ಬೇಕು, ಯಾವ್ಯಾವ ಕಂಪನಿ ಮಾಲು ಮಾರ್ತೀರೋ ಆ ಪ್ರತಿ ಕಂಪನಿಯ ಪಿ.ಸಿ. (ಪ್ರಿನ್ಸಿಪಲ್ ಸರ್ಟಿಫಿಕೇಟ್, ಅಂದ್ರೆ ತನ್ನ ಮಾಲು ಮಾರೋಕೆ ಕಂಪನಿ ಕೊಡೋ ಪತ್ರ) ಲೈಸೆನ್ಸ್‌ಗೆ ಸೇರಿರಬೇಕು, ಇನ್ನೊಂದು ಊರಲ್ಲಿ ಗೋಡೌನ್ ಇದ್ರೆ ಅದಕ್ಕೆ ಬೇರೆ ಲೈಸೆನ್ಸ್. ಆಗೋದಿಲ್ಲ ಅಂದ್ರೆ ಸೊಸೈಟಿ ಬರೀ ಪಟ್ಟಿ ಮಾಡಿ ರೇಟು ಮಾತಾಡಲಿ. ದುಡ್ಡು, ಬಿಲ್, ಡಬ್ಬಿ ಎಲ್ಲಾ ರೈತ ಮತ್ತು ಲೈಸೆನ್ಸ್ ಇರೋ ಅಂಗಡಿ ನಡುವೆ ನಡೀಲಿ. ಒಂದು ಡಬ್ಬಿನೂ ಗೋಡೌನ್ ಹೊಸ್ತಿಲು ದಾಟಬಾರದು.

ಈ ಮಾಲಿಗೆ ಕೊಟ್ಟ ಮುಂಗಡ ಇನ್ನೂ ಆ ಡಿಸ್ಟ್ರಿಬ್ಯೂಟರ್ ಹತ್ರಾನೇ ಇದೆ. ಕೊನೇ ಮೆಸೇಜು: "ಮುಂದಿನ ಸೀಜನ್‌ಗೆ ಅಡ್ಜಸ್ಟ್ ಮಾಡೂಣ್ರೀ."