‘ಸಂಸ್ಕಾರ’ವೋ, ‘ಆಡಾಡತ ಆಯುಷ್ಯ’ವೋ?

ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿದವರಿಗೆ ಕಾದಂಬರಿ ಒಯ್ಯಲೋ, ಆತ್ಮಕಥೆ ಒಯ್ಯಲೋ ಎಂಬ ತಕರಾರು ಇದ್ದದ್ದೇ. ಇಲ್ಲಿ ಹೇಳುವ ಎರಡೂ ಪುಸ್ತಕಗಳು ಮೊದಲು ಪ್ರಕಟವಾದದ್ದು ಅಲ್ಲಿಂದಲೇ.

ಅನಂತಮೂರ್ತಿಯವರ ಕಾದಂಬರಿ ‘ಸಂಸ್ಕಾರ’ (1965) ತೆಳ್ಳಗಿನ ಪುಸ್ತಕ. ಆದರೆ ತುಣುಕು ತುಣುಕಾಗಿ ಓದಿದರೆ ಕೆಡುತ್ತದೆ. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರಾರು ಎಂಬ ಬಿಕ್ಕಟ್ಟು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಒಳತೋಟಿಯಾಗಿ ತಿರುಗುವಲ್ಲಿ ವಾರಗಟ್ಟಲೆ ಬಿಟ್ಟರೆ ಎಳೆ ತಪ್ಪಿತು. ರವಿವಾರ ಒಂದೇ ಪಟ್ಟಿಗೆ ಕೂತು ಮುಗಿಸುವುದು ಮೇಲು.

ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ (2011) ದಪ್ಪ, ಆದರೆ ಸಲೀಸು. ಅಧ್ಯಾಯಕ್ಕೊಂದು ವಿರಾಮ ಕೊಟ್ಟು ಹುಬ್ಬಳ್ಳಿ ಬಸ್ಸಿನಲ್ಲೂ ಓದಬಹುದು. ಹೆಸರುಗಳು ಮುಗಿಬೀಳುತ್ತವೆ, ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳಿ.

ಎರಡನ್ನೂ ಒಯ್ಯುವವರು ಕಾದಂಬರಿಯನ್ನೇ ಮೊದಲು ಓದಲಿ. ಅದರ ಸಿನಿಮಾದಲ್ಲಿ ಪ್ರಾಣೇಶಾಚಾರ್ಯರಾದವರು ಕಾರ್ನಾಡರೇ. ಆತ್ಮಕಥೆಯಲ್ಲಿ ಆ ಭಾಗ ಬಂದಾಗ ರುಚಿ ಬೇರೆ.