ಮಂಡಿಪೇಟೆಯ ಒಬ್ಬ ದರ್ಜಿ ಮತ್ತು ಯಾಜಕರ ಉಡುಪು

ದಾವಣಗೆರೆಯ ಮಂಡಿಪೇಟೆಯ ಒಂದು ಚಿಕ್ಕ ದರ್ಜಿ ಅಂಗಡಿಯಲ್ಲಿ ಶಾಲಾ ಸಮವಸ್ತ್ರಗಳ ಜೊತೆಗೆ ಚರ್ಚಿನ ಪೂಜಾವಸ್ತ್ರಗಳನ್ನೂ ಹೊಲಿದುಕೊಡುತ್ತಾರೆ. ನಮ್ಮ ಧರ್ಮಕೇಂದ್ರದ ಯುವಕನೊಬ್ಬನ ಉಡುಪಿಗೆಂದು ಅಲ್ಲಿಗೆ ಹೋದಾಗ, ಟೇಪು ಕೈಗೆತ್ತಿಕೊಳ್ಳುವ ಮೊದಲೇ ಯಜಮಾನರು ಕೇಳಿದ್ದು "ಡೀಕನ್ ದೀಕ್ಷೆಯೋ, ಗುರುದೀಕ್ಷೆಯೋ?" ಎಂದು.

ಈ ಪ್ರಶ್ನೆಯಲ್ಲಿಯೇ ಅವರ ಕಸುಬಿನ ತಿಳಿವಳಿಕೆ ಇದೆ. ಕಥೋಲಿಕ ಸಭೆಯಲ್ಲಿ ದೀಕ್ಷೆಗೆ ಡೀಕನ್, ಯಾಜಕ (ಗುರು), ಧರ್ಮಾಧ್ಯಕ್ಷ (ಬಿಷಪ್) ಎಂಬ ಮೂರು ಹಂತಗಳಿವೆ. ಡೀಕನ್ ಜ್ಞಾನಸ್ನಾನ ಕೊಡಬಹುದು, ಪ್ರಬೋಧನೆ ಮಾಡಬಹುದು, ಮದುವೆ ನಡೆಸಿಕೊಡಬಹುದು. ಆದರೆ ಬಲಿಪೂಜೆ (ಮಾಸ್) ಅರ್ಪಿಸುವ ಮತ್ತು ಪಾಪನಿವೇದನೆ ಕೇಳುವ ಅಧಿಕಾರ ಅವರಿಗಿಲ್ಲ. ಹೊಲಿಗೆಯಲ್ಲೂ ಈ ಅಂತರ ಕಾಣುತ್ತದೆ. ಯಾಜಕರ ಸ್ಟೋಲ್ ಎಂಬ ಉದ್ದನೆಯ ಪಟ್ಟಿವಸ್ತ್ರ ಕೊರಳಿನಿಂದ ಎರಡೂ ಕಡೆ ನೇರವಾಗಿ ಇಳಿದರೆ, ಡೀಕನ್ನರದು ಎಡಭುಜದಿಂದ ಎದೆಯ ಮೇಲೆ ಓರೆಯಾಗಿ ಹಾದು ಬಲಪಕ್ಕೆಯಲ್ಲಿ ಕೂಡುತ್ತದೆ. ಅಲ್ಲಿ ಅದು ಜಾರದಂತೆ ಈ ದರ್ಜಿ ಒಳಗಡೆ ಹಾಕಿಕೊಟ್ಟ ಗುಂಡಿ ನಿಜಕ್ಕೂ ಜಾಣತನದ್ದು. ಡೀಕನ್ನರ ಮೇಲಂಗಿ ಡಾಲ್ಮಟಿಕ್‌ಗೆ ಅಗಲ ತೋಳುಗಳಿರುತ್ತವೆ, ಯಾಜಕರ ಮೇಲಂಗಿ ಚಾಸುಬಲ್‌ಗೆ ತೋಳೇ ಇಲ್ಲ.

ನಮ್ಮ ಸೆಕೆಗೆ ಒಗ್ಗುವ ಬಿಳಿ ನಿಲುವಂಗಿಯಲ್ಲಿ ಪದವಿ ತಿಳಿಯುವುದು ಅಂಚಿನಿಂದ: ಧರ್ಮಾಧ್ಯಕ್ಷರಿಗೆ ಕಡುಗುಲಾಬಿ ಪೈಪಿಂಗ್, ನೇರಳೆ ಸೊಂಟಪಟ್ಟಿ, ಕಾರ್ಡಿನಲರಿಗಾದರೆ ಎರಡೂ ಕೆಂಪು. ಮಹಾಧರ್ಮಾಧ್ಯಕ್ಷ, ಕಾರ್ಡಿನಲ್ ಎಂಬವು ಹೊಸ ದೀಕ್ಷೆಗಳಲ್ಲ, ಹೊಣೆ ಮತ್ತು ಗೌರವದ ಸ್ಥಾನಗಳು. ನಮ್ಮ ಜಿಲ್ಲೆ ಸೇರಿರುವುದು ಧರ್ಮಾಧ್ಯಕ್ಷರ ಆಡಳಿತದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ, ಪ್ರಾಂತೀಯ ಮಹಾಧರ್ಮಾಧ್ಯಕ್ಷರು ಇರುವುದು ಬೆಂಗಳೂರಿನಲ್ಲಿ. (ಅವರು ಹೆಗಲಿಗೆ ಧರಿಸುವ ಕುರಿಯುಣ್ಣೆಯ ಪಾಲಿಯಂ ಪೋಪರಿಂದಲೇ ಬರಬೇಕು, ಯಾವ ದರ್ಜಿಗೂ ಆ ಆರ್ಡರ್ ಸಿಗುವುದಿಲ್ಲ.)

1947ರಲ್ಲಿ ರೂಪುಗೊಂಡ ಪ್ರಾಟೆಸ್ಟೆಂಟ್ ಸಭೆಯಾದ ಸಿ.ಎಸ್.ಐ.ನಲ್ಲಿಯೂ (ಚರ್ಚ್ ಆಫ್ ಸೌತ್ ಇಂಡಿಯಾ) ಡೀಕನ್, ಪ್ರೆಸ್ಬಿಟರ್ (ಯಾಜಕ), ಬಿಷಪ್ ಎಂಬ ಮೂರೇ ಹಂತಗಳಿವೆ. ಅಲ್ಲಿ ಮಹಿಳೆಯರಿಗೂ ದೀಕ್ಷೆ ಉಂಟು. 2013ರಲ್ಲಿ ಪುಷ್ಪಲಲಿತಾ ಅವರು ಆಂಧ್ರಪ್ರದೇಶದ ನಂದ್ಯಾಲದ ಬಿಷಪ್ಪರಾದರು. ಸೀರೆಯ ಮೇಲೆ ತೊಡಲೆಂದೇ ಸಡಿಲವಾಗಿ ಕತ್ತರಿಸಿದ ನಿಲುವಂಗಿಯೊಂದು ಈ ಅಂಗಡಿಯಲ್ಲಿ ತೂಗುತ್ತಿತ್ತು.

ಕೊರತೆಗಳೂ ಇವೆ. ಜರಿ ಕಸೂತಿಯನ್ನು ಹೊರಗೆ ಮಾಡಿಸುವುದರಿಂದ ಹೇಳಿದ ದಿನಕ್ಕೆ ಕೈಸೇರುವುದಿಲ್ಲ, ಅಸ್ತರಿನ ಬಟ್ಟೆ ಸಾಧಾರಣವಾದದ್ದು, ರಸೀದಿಯನ್ನು ಕೇಳಿಯೇ ಪಡೆಯಬೇಕು. ಹೊಲಿಗೆ ಮಾತ್ರ ಬಿಗಿಯಾಗಿದೆ, ಒಗೆದ ಮೇಲೂ ಅಂಚು ಸುಕ್ಕುಗಟ್ಟಲಿಲ್ಲ. ಈಸ್ಟರ್ ಹಬ್ಬಕ್ಕೆ ಬಟ್ಟೆ ಬೇಕಾದವರು ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಆರಂಭವಾಗುವ ಮುನ್ನವೇ ಅಳತೆ ಕೊಟ್ಟು ಬರುವುದು ಒಳ್ಳೆಯದು.