ಸುಮೋ ಸಿಮ್ಯುಲೇಟರ್: ಜಾಮ್ ನೋಡಬೇಕಾದರೆ ಮೊದಲು ಟೆಲಿಪೋರ್ಟ್ ಬಂದ್ ಮಾಡಿ

ಕಾಸು ಬಿಚ್ಚದೆ ಟ್ರಾಫಿಕ್ ಸಿಮ್ಯುಲೇಶನ್‌ಗೆ ಕೈಹಾಕುವವರಿಗೆ ಸುಮೋ ಬಿಟ್ಟು ಬೇರೆ ಹೆಸರು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಜರ್ಮನಿಯ ಬಾಹ್ಯಾಕಾಶ ಸಂಶೋಧನಾ ಕೇಂದ್ರ ಡಿಎಲ್‌ಆರ್ 2001ರಿಂದ ಬೆಳೆಸುತ್ತಿರುವ ಓಪನ್ ಸೋರ್ಸ್ ತಂತ್ರಾಂಶ ಇದು. ಸಾಧಾರಣ ಲ್ಯಾಪ್‌ಟಾಪ್ ಸಾಕು. ಬೆಂಗಳೂರಿನ ಜಂಕ್ಷನ್‌ಗಳ ಮೇಲೆ ವರ್ಷಗಳಿಂದ ಇದನ್ನೇ ಓಡಿಸುತ್ತಿದ್ದೇನೆ.

ಶುರುಮಾಡುವುದು ಸಲೀಸು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆಯಲ್ಲಿ ಸಿಲ್ಕ್ ಬೋರ್ಡ್ ಸುತ್ತ ಒಂದು ಚೌಕ ಎಳೆದು, ಎಡಬದಿ ಸಂಚಾರಕ್ಕೆ ಟಿಕ್ ಹಾಕಿದರೆ (ಮರೆತರೆ ಬೆಂಗಳೂರು ಬರ್ಲಿನ್ ಆಗಿಬಿಡುತ್ತದೆ) ಟೀ ಕುಡಿದು ಬರುವಷ್ಟರಲ್ಲಿ ಗಾಡಿಗಳು ಓಡಾಡುತ್ತಿರುತ್ತವೆ. ಆದರೆ ಸಿಗ್ನಲ್ ಸಮಯ ನಕ್ಷೆಯಲ್ಲಿ ಇರುವುದಿಲ್ಲವಲ್ಲ, ಸುಮೋ ತಾನೇ 90 ಸೆಕೆಂಡಿನ ಸುತ್ತು ಊಹಿಸಿ ಕೂರಿಸುತ್ತದೆ. ಅದನ್ನು ಸರಿಪಡಿಸಲು ಸ್ಟಾಪ್‌ವಾಚ್ ಹಿಡಿದು ರಸ್ತೆಗಿಳಿಯಲೇಬೇಕು.

ಇನ್ನು ಚಾಲಕರು. ಮೂಲ ಸೆಟ್ಟಿಂಗ್‌ನಲ್ಲಿ ಎಲ್ಲರೂ ಕ್ರೌಸ್ ಮಾಡೆಲ್ ಪ್ರಕಾರ ಓಡಿಸುತ್ತಾರೆ: ಮುಂದಿನ ಗಾಡಿ ಬ್ರೇಕ್ ಹಾಕಿದರೂ ಗುದ್ದದಷ್ಟು ವೇಗ, ನಿಂತಾಗ 2.5 ಮೀಟರ್ ಅಂತರ. ಎರಡೂವರೆ ಮೀಟರ್! ಅಷ್ಟು ಜಾಗ ಕಂಡರೆ ನಮ್ಮಲ್ಲಿ ಆಟೊ ಆಗಲೇ ಮೂತಿ ತೂರಿಸಿರುತ್ತದೆ. ಸ್ಟಾಪ್ ಲೈನ್ ಹತ್ತಿರ ಝೂಮ್ ಮಾಡಿ ನೋಡಿದರೆ ಸ್ಕೂಟರ್‌ಗಳು ಲೇನಿನ ನಟ್ಟನಡುವೆ, ಒಂದರ ಹಿಂದೊಂದು, ರೇಷನ್ ಅಂಗಡಿ ಕ್ಯೂನಂತೆ ನಿಂತಿರುತ್ತವೆ. ಇದಕ್ಕೆ ಮದ್ದು ಒಂದೊಂದು ಲೇನನ್ನೂ ಸಣ್ಣ ಪಟ್ಟಿಗಳಾಗಿ ಸೀಳುವ ಸಬ್‌ಲೇನ್ ಮಾಡೆಲ್. ಲ್ಯಾಟರಲ್ ರೆಸಲ್ಯೂಶನ್ (ಆ ಪಟ್ಟಿಯ ಅಗಲ) 0.8 ಮೀಟರ್ ಕೊಟ್ಟು, ಅಕ್ಕಪಕ್ಕದ ಅಂತರ ಇಳಿಸಿ, ನುಗ್ಗುವ ಗುಣ ಏರಿಸಿದರೆ ಬೈಕುಗಳು ಕಾರುಗಳ ಸಂದಿಯಲ್ಲಿ ತೂರಿ ಮುಂದೆ ಬಂದು ಗುಂಪುಗಟ್ಟುತ್ತವೆ. ಮೊದಲ ಸಲ ಅದನ್ನು ಕಂಡಾಗ ಊರಿಗೆ ಬಂದಷ್ಟು ಖುಷಿಯಾಯಿತು. ಬೆಲೆಯೂ ಇದೆ, ಸಿಮ್ಯುಲೇಶನ್ ನಿಧಾನವಾಗುತ್ತದೆ. ರಾಂಗ್ ಸೈಡ್‌ನಲ್ಲಿ ಬರುವವರನ್ನು ಮಾತ್ರ ಇದರಲ್ಲಿ ತೃಪ್ತಿಯಾಗುವಂತೆ ತೋರಿಸಲು ನನಗೆ ಇನ್ನೂ ಆಗಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಗಾಡಿಯೊಂದು 300 ಸೆಕೆಂಡು ಅಲ್ಲಾಡದೆ ನಿಂತರೆ ಸುಮೋ ಅದನ್ನು ರಸ್ತೆಯಿಂದ ಎತ್ತಿ ಅದರ ದಾರಿಯಲ್ಲೇ ಮುಂದೆಲ್ಲೋ ಇಳಿಸುತ್ತದೆ. ಇದೇ ಟೆಲಿಪೋರ್ಟ್. ಗ್ರಿಡ್‌ಲಾಕ್ (ಒಂದಕ್ಕೊಂದು ಅಡ್ಡ ನಿಂತು ಯಾವ ಗಾಡಿಯೂ ಕದಲದ ಸ್ಥಿತಿ) ಬಿಡಿಸಲು ಇಟ್ಟ ಉಪಾಯ, ಬಚ್ಚಿಟ್ಟಿದ್ದೇನಲ್ಲ: ಕೊನೆಯ ಅಂಕಿಅಂಶದಲ್ಲಿ ಜಾಮ್, ಯೀಲ್ಡ್ (ಬೇರೆ ಗಾಡಿಗೆ ದಾರಿ ಬಿಡಲು ಕಾದದ್ದು), ರಾಂಗ್ ಲೇನ್ ಎಂದು ಬಿಡಿಸಿಯೇ ಬರೆಯುತ್ತದೆ. ಆ ಸಾಲನ್ನು ಹಾರಿಸಿ ಸರಾಸರಿ ಪ್ರಯಾಣದ ಸಮಯವೊಂದನ್ನೇ ಸ್ಲೈಡ್‌ಗೆ ಹಾಕಿದರೆ, ಹೆಬ್ಬಾಳದಲ್ಲೂ ಟ್ರಾಫಿಕ್ ಸರಾಗ ಎಂದು ಸಾಬೀತು ಮಾಡಬಹುದು. ನಾನು ಟೈಮ್‌ ಟು ಟೆಲಿಪೋರ್ಟ್‌ಗೆ -1 ಕೊಟ್ಟು ಬಂದ್ ಮಾಡಿಯೇ ಮೊದಲ ರನ್ ನೋಡುವುದು. ಎಲ್ಲ ಕಚ್ಚಿಕೊಂಡು ನಿಂತರೆ ಎಲ್ಲಿ ಕಚ್ಚಿಕೊಂಡಿತು ಎಂದಾದರೂ ಗೊತ್ತಾಗುತ್ತದೆ.

ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ, ಜನಸಂದಣಿಯನ್ನೂ ಇದರಲ್ಲೇ ನೋಡಬಹುದಾ ಎಂದು ಕೇಳುವವರಿದ್ದಾರೆ. ಮೂಲ ಪಾದಚಾರಿ ಮಾಡೆಲ್‌ನಲ್ಲಂತೂ ಬೇಡ. ಅದು ಫುಟ್‌ಪಾತನ್ನು ಪಟ್ಟಿಪಟ್ಟಿಯಾಗಿ ಸೀಳಿ ಜನರನ್ನು ಸಾಲಲ್ಲಿ ನಡೆಸುತ್ತದೆ, ಬಹಳ ಹೊತ್ತು ಸಿಕ್ಕಿಕೊಂಡವರನ್ನು ಇನ್ನೊಬ್ಬರ ಮೈಯೊಳಗಿಂದಲೇ ದಾಟಿಸಿಬಿಡುತ್ತದೆ. ಗೇಟಿನ ಒತ್ತಡ ಅಳೆಯಲು ಹೊರಟವರಿಗೆ ಆ ಒತ್ತಡವೇ ಮಾಯ. ಹೊಸ ಆವೃತ್ತಿಗಳಲ್ಲಿ ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದ ಪಾದಚಾರಿ ಸಿಮ್ಯುಲೇಟರ್ ಜುಪೆಡ್‌ಸಿಮ್ ಜೋಡಿಸಬಹುದು, ಅದು ವಾಸಿ. ಆದರೂ ಜನರನ್ನು ತುರ್ತಾಗಿ ಹೊರಗೆ ಕಳಿಸುವುದನ್ನು ನೋಡಬೇಕಾದರೆ, ಅಲಾರಂ ಕೇಳಿದ ಮೇಲೆ ಜನ ಎಷ್ಟು ಹೊತ್ತಿಗೆ ಏಳುತ್ತಾರೆ, ಬಂದ ಬಾಗಿಲಿಗೇ ನುಗ್ಗುತ್ತಾರಾ ಎಂಬುದನ್ನೆಲ್ಲ ನಾವೇ ತುಂಬಬೇಕು. ರಸ್ತೆಗೆ ಐದಕ್ಕೆ ನಾಲ್ಕು ಅಂಕ, ಜನಸಂದಣಿಗೆ ಎರಡು.